ಮೀನು ಎಣಿಸಿ ಹೊಳೆಯ ಆರೋಗ್ಯ ಅಳೆಯುವುದು ಹೇಗೆ?

ಬಾಟಲಿಯಲ್ಲಿ ಹಿಡಿದ ನೀರು ಆ ಗಳಿಗೆಯ ಕಥೆ ಮಾತ್ರ ಹೇಳುತ್ತದೆ. ರಾತ್ರಿ ಬಿಟ್ಟ ಕೊಳಚೆ, ಬೇಸಿಗೆಯಲ್ಲಿ ಅಣೆಕಟ್ಟೆ ತಡೆದ ಹರಿವು ಇವೆಲ್ಲದರ ಗುರುತು ಮೀನಿನ ಬಳಗದಲ್ಲಿ ಉಳಿದಿರುತ್ತದೆ. ಅದನ್ನು ಓದಲು ಅಮೆರಿಕದ ಜೇಮ್ಸ್ ಕಾರ್ 1981ರಲ್ಲಿ 12 ಮಾನದಂಡಗಳ ಸೂಚ್ಯಂಕ ಕೊಟ್ಟರು: ಸ್ಥಳೀಯ ಜಾತಿ ಎಷ್ಟು, ಕೊಳಕು ಸಹಿಸುವ ಮೀನು ಎಷ್ಟು, ಹುಣ್ಣಾದವು ಎಷ್ಟು, ಹೀಗೆ. ಪ್ರತಿಯೊಂದಕ್ಕೂ ಒಂದು ಕಾಲಂ, ಅದಕ್ಕೆ 5, 3 ಅಥವಾ 1 ಅಂಕ; ಹೆಚ್ಚು ಅಂಕವೆಂದರೆ ಹೊಳೆ ಚೆನ್ನಾಗಿದೆ. ಒಟ್ಟು 12ರಿಂದ 60. ತುಂಗಭದ್ರೆಯಲ್ಲಿ ಮಾಡುವುದಾದರೆ ಹೀಗೆ ಮಾಡಿ.

1. ಮೊದಲು ಮೀನುಗಾರಿಕೆ ಇಲಾಖೆಯ ಅನುಮತಿ, ಸಂರಕ್ಷಿತ ಪ್ರದೇಶವಾದರೆ ಅರಣ್ಯ ಇಲಾಖೆಯದೂ ಬೇಕು.

2. ಹರಿಯುವ ನೀರಿನಲ್ಲಿ 500 ಮೀಟರ್ ಉದ್ದದ ಜಾಗ ಗುರುತಿಸಿ. ಅಣೆಕಟ್ಟೆಯ ಹಿನ್ನೀರು ಬೇಡ, ಅದು ಕೆರೆಯ ಲೆಕ್ಕ. ಶೃಂಗೇರಿಯಂತೆ ಭಕ್ತರು ಮಂಡಕ್ಕಿ ಹಾಕಿ ಸಾಕುವ ಮೀನಿನ ಮಡುವೂ ಬೇಡ.

3. ಮಳೆ ನಿಂತು ಹೊಳೆ ತಿಳಿಯಾದ ಮೇಲೆ, ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹಿಡಿಯಿರಿ. ಓಹಾಯೊ ನದಿಯಲ್ಲಿ ರಾತ್ರಿ ದೋಣಿಯಿಂದ ವಿದ್ಯುತ್ ಹಾಯಿಸಿ ಮೀನು ಹಿಡಿಯುತ್ತಾರೆ. ನಮ್ಮಲ್ಲಿ ಹರಿಗೋಲು, ಬೀಸುಬಲೆ ಮತ್ತು ಸಣ್ಣ ಕಣ್ಣಿನಿಂದ ದೊಡ್ಡ ಕಣ್ಣಿನವರೆಗಿನ ನಾಲ್ಕೈದು ಗಿಲ್ ಬಲೆ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಸಾಕು. ಬೀಸುಬಲೆ 20 ಸಲ ಎಂದರೆ 20 ಸಲ; ಖಾಲಿ ಬಂದ ಬೀಸನ್ನೂ ಬರೆಯಿರಿ. ಮೀನು ಬೀಳುವ ತನಕ ಬೀಸುತ್ತಾ ಹೋದರೆ ಎರಡು ಜಾಗಗಳ ಹೋಲಿಕೆ ಅಲ್ಲಿಗೆ ಮುಗಿಯಿತು. ನೀರುನಾಯಿ ಇರುವ ಕಂಪ್ಲಿ, ಹಂಪಿ ಕಡೆ ಗಿಲ್ ಬಲೆಯನ್ನು ರಾತ್ರಿಯಿಡೀ ಬಿಡಲೇಬೇಡಿ, ಸಿಕ್ಕಿಕೊಂಡು ಸಾಯುತ್ತವೆ. ಸಂತೆಯ ಬುಟ್ಟಿ ನೋಡಿ ಪಟ್ಟಿ ಮಾಡುವ ಅಡ್ಡದಾರಿಯೂ ಬೇಡ. ಮಾರಾಟವಾಗದ ಸಣ್ಣ ಮೀನು ಸಂತೆಗೇ ಬರುವುದಿಲ್ಲ.

4. ಹೆಸರು, ಉದ್ದ, ಎಣಿಕೆ ಬರೆದು ಬಿಟ್ಟುಬಿಡಿ. 25 ಮಿ.ಮೀ.ಗಿಂತ ಸಣ್ಣ ಮರಿ ಲೆಕ್ಕಕ್ಕಿಲ್ಲ. ಹೆಸರಿಗೆ ಮೊಬೈಲ್ ಆ್ಯಪ್ ನಂಬಬೇಡಿ. ಸಣ್ಣ ಪುಂಟಿಯಸ್ ಮೀನುಗಳನ್ನು ಮೀಸೆ ಇದೆಯೇ, ಪಕ್ಕದ ಗೆರೆ ಬಾಲದ ತನಕ ಹೋಗಿದೆಯೇ ಎಂದು ನೋಡಿಯೇ ಬೇರ್ಪಡಿಸಬೇಕು. ಅನುಮಾನವಿದ್ದರೆ ಒಂದನ್ನು ಶೇ 10ರ ಫಾರ್ಮಲಿನ್‌ನಲ್ಲಿ ಇಡಿ. ಹುಣ್ಣು ಎಣಿಸುವಾಗ ಜೋಪಾನ. ಕಿವಿರಿನ ಹಿಂದೆ ಉಂಗುರದಂತೆ ಕಾಣುವ ಕೆಂಪು ಗಾಯ ನಿಮ್ಮದೇ ಬಲೆಯದು. ಈಜುರೆಕ್ಕೆ ಸೀಳಿದ್ದರೆ ಅದೂ ಬಲೆಯದೇ. ಅಂಚು ಸವೆದು ಬೆಳ್ಳಗಾಗಿದ್ದರೆ ಮಾತ್ರ ರೋಗ.

5. ಹೆಚ್ಚಿನವರು ಎಡವುವುದು ಅಂಕ ಕೊಡುವಾಗ. ಕಾರ್ ಅವರ ಪಟ್ಟಿಯನ್ನು ಹಾಗೇ ಇಳಿಸಿಕೊಳ್ಳುತ್ತಾರೆ. ಅದರಲ್ಲಿರುವ ಡಾರ್ಟರ್ ಎಂಬ ತಳದ ಸಣ್ಣ ಮೀನು ನಮ್ಮ ಹೊಳೆಯಲ್ಲಿಲ್ಲ. ಆ ಕಾಲಂಗೆ ಕಲ್ಲಿನ ಸಂದಿಯಲ್ಲಿ ಬಾಳುವ ಗರ್ರಾ, ಲೋಚ್ ಮೀನುಗಳನ್ನು ಹಾಕಿ. ಕೊಳಕು ಸಹಿಸುವ ಅಲ್ಲಿಯ ಗ್ರೀನ್ ಸನ್‌ಫಿಶ್‌ನ ಜಾಗಕ್ಕೆ ಜಿಲೇಬಿ ಮೀನು (ತಿಲಾಪಿಯ).

5 ಅಂಕ ಎಷ್ಟಕ್ಕೆ ಎಂಬುದೂ ಇಲ್ಲಿಯದೇ ಆಗಬೇಕು. ಅದೇ ಹೊಳೆಯಲ್ಲಿ ಕಡಿಮೆ ಕೆಟ್ಟಿರುವ ಐದಾರು ಜಾಗಗಳಲ್ಲಿ ಇದೇ ಬಲೆ, ಇಷ್ಟೇ ಬೀಸಿನಲ್ಲಿ ಸಿಕ್ಕಿದ್ದನ್ನು ನೋಡಿ. ಅಲ್ಲಿ ಅತಿ ಹೆಚ್ಚೆಂದರೆ 24 ಸ್ಥಳೀಯ ಜಾತಿ ಸಿಕ್ಕವು ಎಂದುಕೊಳ್ಳಿ. ಅದನ್ನು ಮೂರು ಪಾಲು ಮಾಡಿ: 16ಕ್ಕಿಂತ ಹೆಚ್ಚಿದ್ದರೆ 5, 9ರಿಂದ 16ಕ್ಕೆ 3, ಅದಕ್ಕೂ ಕಡಿಮೆಗೆ 1. ಮಲೆನಾಡಿನ ಹಳ್ಳಗಳನ್ನು ಈ ಹೋಲಿಕೆಗೆ ತರಬೇಡಿ. ಅಲ್ಲಿಯ ಮೀನೇ ಬೇರೆ.

ಈಗ ನಿಮ್ಮ ಜಾಗದಲ್ಲಿ 12 ಜಾತಿಯ 240 ಮೀನು ಬಿದ್ದಿವೆ ಎನ್ನಿ. 3 ಅಂಕ ಬಂತೆಂದು ಹಿಗ್ಗಬೇಡಿ. ರೋಹು, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಜಿಲೇಬಿ ಹೊರಗಿಂದ ತಂದು ಬಿಟ್ಟವು. ಕಳೆದರೆ ಉಳಿಯುವುದು 8, ಅಂಕ 1. ಜಿಲೇಬಿಯೇ 132 ಇದ್ದರೆ ಶೇ 55. ಕೊಳಕು ಸಹಿಸುವ ಮೀನಿನ ಕಾಲಂಗೂ 1. ಆಫ್ರಿಕನ್ ಕ್ಯಾಟ್‌ಫಿಶ್ ಮೀನು ತಿನ್ನುತ್ತದೆ ಎಂದು ಬಾಳೆ ಮೀನು, ಕೊರವಗಳ ಜೊತೆ ಬೇಟೆಗಾರರ ಸಾಲಿಗೆ ಸೇರಿಸುವುದು ಇನ್ನೊಂದು ತಪ್ಪು; ಅದೂ ಹೊರಗಿನದೇ.

6. ಕೂಡಿ. ವರದಿಯಲ್ಲಿ ಒಟ್ಟು ಅಂಕದ ಜೊತೆ 12 ಕಾಲಂಗಳನ್ನೂ ಅಚ್ಚು ಹಾಕಿ. ಎರಡು ಊರಿಗೂ 30 ಬಂದಿರಬಹುದು. ಒಂದು ಕಡೆ ಹುಣ್ಣಿನ ಕಾಲಂನ ಅಂಕ ಕುಸಿದಿದ್ದರೆ ಮೇಲಿನ ಚರಂಡಿ ಹುಡುಕಬೇಕು, ಇನ್ನೊಂದು ಕಡೆ ಗರ್ರಾ, ಲೋಚ್ ಮಾಯವಾಗಿದ್ದರೆ ಮರಳು ತೆಗೆಯುವ ಜಾಗ ನೋಡಿ ಬರಬೇಕು.