ಮೊದಲ ವರ್ಷ ಟ್ರ್ಯಾಪ್ ಮುಟ್ಟುವಂತಿಲ್ಲ: ಕೆನಡಾದ ಅಜ್ಜಂದಿರಿಂದ ಬೀವರ್ ಕಸುಬು ಕಲಿಯುವ ಬಗೆ

ಕೆನಡಾದ ಸಡ್ಬರಿಯಲ್ಲಿ ನಾನಿದ್ದ ಬಾಡಿಗೆ ಮನೆಯ ಪಕ್ಕದಲ್ಲಿ ಒಂದು ಶೆಡ್ ಇತ್ತು. ಚಳಿಗಾಲ ಶುರುವಾದರೆ ಅದರ ಗೋಡೆಗೆ ದುಂಡನೆಯ ಬೀವರ್ ಚರ್ಮಗಳು ಸಾಲಾಗಿ ಒರಗುತ್ತಿದ್ದವು, ದೊಡ್ಡ ದೊಡ್ಡ ಹಪ್ಪಳ ಒಣಗಲು ಇಟ್ಟ ಹಾಗೆ. ಬೀವರ್ ಅಂದರೆ ಮರ ಕಡಿದು, ನೀರಿಗೆ ಒಡ್ಡು ಕಟ್ಟಿ ಬದುಕುವ, ಇಲಿ ಜಾತಿಯ ದೊಡ್ಡ ಪ್ರಾಣಿ. ಶೆಡ್ಡಿನ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಅಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ಮನಸ್ಸಿನಲ್ಲೇ ಅಜ್ಜ ಅಂದುಕೊಂಡೆ, ಇಲ್ಲೂ ಹಾಗೇ ಬರೆಯುತ್ತೇನೆ.

ಅಜ್ಜನ ಹತ್ತಿರ ಕಸುಬು ಕಲಿಯಲು ಒಬ್ಬ ಹುಡುಗ ಬರುತ್ತಿದ್ದ. ನಾನು ಸುಮ್ನೆ ಕೂತು ನೋಡುವವನು. ಎರಡು ಚಳಿಗಾಲ ನೋಡಿದ ಮೇಲೆ ಗೊತ್ತಾಗಿದ್ದು ಇಷ್ಟು: ಕಲಿಯಲು ಬಂದವನು ಯಾವುದನ್ನು ಮೊದಲು ಕೇಳುತ್ತಾನೋ ಅದನ್ನು ಅಜ್ಜಂದಿರು ಕೊನೆಗೆ ಕಲಿಸುತ್ತಾರೆ. ಹುಡುಗನಿಗೆ ಬೇಕಾಗಿದ್ದು ಟ್ರ್ಯಾಪ್, ಅಂದರೆ ಪ್ರಾಣಿ ಹಿಡಿಯುವ ಸಾಧನ. ಅಜ್ಜ ಅವನ ಕೈಗೆ ಕೊಟ್ಟಿದ್ದು ಕೊಬ್ಬು ಹೆರೆಯುವ ಚೂರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ತೋಟದ ಬೇಲಿಗೆ ಉರುಳು ಕಟ್ಟಲು ಹೋಗಬೇಡಿ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಕಾಡುಪ್ರಾಣಿಗೆ ಉರುಳು ಹಾಕುವುದೂ ಬೇಟೆಯೇ, ಬೋನು ಇಡುವುದೂ ಬೇಟೆಯೇ. ಹಿಡಿದರೆ ಜೈಲು. ನಮ್ಮ ಹಕ್ಕಿಪಿಕ್ಕಿಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕಸುಬು ನಿಂತಿದ್ದೂ ಈ ಕಾಯ್ದೆಯಿಂದಲೇ. ಕೆನಡಾದಲ್ಲಿ ಇದು ಲೈಸೆನ್ಸ್ ಇರುವ ಕಸುಬು. ಈಗ ಸಡ್ಬರಿ ಇರುವ ಒಂಟಾರಿಯೊ ಪ್ರಾಂತ್ಯದ ಉತ್ತರ ಭಾಗದ ಕಾಲೇಜುಗಳಿಗೆ ನಮ್ಮ ಕಡೆಯ ಮಕ್ಕಳೂ ಓದಲು ಹೋಗುತ್ತಾರೆ. ಪಕ್ಕದ ಮನೆಯವರು ಚರ್ಮ ಒಣಗಿಸುವುದು ಕಂಡರೆ ಅದೇನು ಅಂತ ಗೊತ್ತಿರಲಿ.

ಹೆಜ್ಜೆ 1: ಕಾಗದಪತ್ರ

ಒಂಟಾರಿಯೊದಲ್ಲಿ ಹೊಸಬರು ಮೊದಲು ಸರ್ಕಾರ ಒಪ್ಪಿದ ಕೋರ್ಸ್ ಮುಗಿಸಬೇಕು. ಕಾನೂನು, ಪ್ರಾಣಿಗಳ ಬದುಕು, ಟ್ರ್ಯಾಪ್ ವಿಧಗಳು, ಚರ್ಮ ಹದ ಮಾಡುವುದು ಎಲ್ಲ ಅದರಲ್ಲಿ ಬರುತ್ತದೆ. ಪರೀಕ್ಷೆಯೂ ಇದೆ. ಆಮೇಲೆ ಲೈಸೆನ್ಸ್. ಸರ್ಕಾರಿ ಕಾಡನ್ನು ‘ಟ್ರ್ಯಾಪ್‌ಲೈನ್’ ಅನ್ನುವ ತುಂಡುಗಳಾಗಿ ಹಂಚಿರುತ್ತಾರೆ. ಒಂದೊಂದು ತುಂಡಿಗೂ ಒಬ್ಬ ಮುಖ್ಯ ಟ್ರ್ಯಾಪರ್ ಇರುತ್ತಾರೆ. ಆ ಗಡಿ ದಾಟಿ ಇನ್ನೊಬ್ಬರ ಲೈನಿನಲ್ಲಿ ಟ್ರ್ಯಾಪ್ ಇಡುವುದು ಬೇರೆಯವರ ಗದ್ದೆಯಲ್ಲಿ ನಾಟಿ ಮಾಡಿದ ಹಾಗೆ. ಮೂಲನಿವಾಸಿಗಳ ಹಕ್ಕು ಮಾತ್ರ ಬೇರೆ. ಅದು ಹಳೆಯ ಒಪ್ಪಂದಗಳಿಂದ ಬಂದಿದ್ದು, 1982ರ ಸಂವಿಧಾನದಲ್ಲೂ ಅದಕ್ಕೆ ರಕ್ಷಣೆ ಇದೆ.

ಹೆಜ್ಜೆ 2: ಅಜ್ಜನನ್ನು ಹುಡುಕಿ

ಸರ್ಟಿಫಿಕೇಟ್ ಸಿಕ್ಕ ಮಾತ್ರಕ್ಕೆ ಲೈನ್ ಸಿಗುವುದಿಲ್ಲ. ಹೆಚ್ಚಿನವರು ಹಳಬರ ಕೈಕೆಳಗೆ ‘ಹೆಲ್ಪರ್’ ಆಗಿ ಸೇರುತ್ತಾರೆ. ಹುಡುಕುವುದು ಹೇಗೆ? ಊರೂರಿನ ಟ್ರ್ಯಾಪರ್ ಸಂಘಗಳ ಸಭೆಗೆ ಹೋಗಬೇಕು. ನಾರ್ತ್ ಬೇ ಊರಿನಲ್ಲಿ ಟ್ರ್ಯಾಪರ್‌ಗಳೇ ಸೇರಿ ನಡೆಸುವ ತುಪ್ಪಳದ ಹರಾಜು ಮನೆ ಇದೆ, ಅಲ್ಲೂ ಹಳಬರು ಸಿಗುತ್ತಾರೆ.

ಹೋದ ತಕ್ಷಣ ಕಲಿಸಿ ಅನ್ನಬೇಡಿ. ಸೌದೆ ಒಡೆಯಿರಿ, ಸ್ನೋಮೊಬೈಲ್ ಅನ್ನುವ ಹಿಮಗಾಡಿ ಹೂತುಕೊಂಡರೆ ತಳ್ಳಿ. ನಮ್ಮ ಹುಡುಗ ಮೊದಲ ತಿಂಗಳು ಮಾಡಿದ್ದು ಇಷ್ಟೇ. ಅಜ್ಜನಿಗೂ ಸಹಾಯ ಬೇಕೇ ಇತ್ತು. ಅವರ ಸ್ವಂತ ಮಕ್ಕಳು ಪಟ್ಟಣ ಸೇರಿಯಾಗಿತ್ತು. ನಮ್ಮ ಮಲೆನಾಡಿನ ತೋಟದ ಮನೆಗಳ ಕಥೆಯೇ, ಅಲ್ವಾ?

ಹೆಜ್ಜೆ 3: ಚರ್ಮ ಹೆರೆಯಿರಿ

ಶೆಡ್ಡಿನ ಮಧ್ಯದಲ್ಲಿ ಓರೆಯಾಗಿ ನಿಲ್ಲಿಸಿದ ನುಣ್ಣನೆಯ ದಿಮ್ಮಿ. ಅದರ ಮೇಲೆ ತುಪ್ಪಳ ಕೆಳಗಾಗಿ ಚರ್ಮ ಹಾಸಬೇಕು. ಎರಡು ಕಡೆ ಹಿಡಿಯಿರುವ ಅಗಲದ ಚೂರಿ ಹಿಡಿದು, ಹೊಟ್ಟೆಯನ್ನು ದಿಮ್ಮಿಗೆ ಒತ್ತಿ ನಿಂತು, ಮುಂದಕ್ಕೆ ತಳ್ಳುತ್ತಾ ಕೊಬ್ಬು, ಮಾಂಸದ ಚೂರು ಎಲ್ಲ ತೆಗೆಯಬೇಕು. ಬೀವರ್ ಚಳಿಗೆ ಮೈತುಂಬ ಕೊಬ್ಬು ಕಟ್ಟಿಕೊಂಡಿರುವ ಪ್ರಾಣಿ. ಕೊಬ್ಬು ಉಳಿದರೆ ಚರ್ಮ ಕೆಡುತ್ತದೆ, ಕೂದಲು ಉದುರುತ್ತದೆ. ಜಾಸ್ತಿ ಹೆರೆದರೆ ಕೂದಲಿನ ಬೇರೇ ತುಂಡಾಗುತ್ತದೆ. ಇನ್ನೂ ಜಾಸ್ತಿಯಾದರೆ ತೂತು.

ನಾನೂ ಒಂದು ದಿನ ಕೈ ಹಾಕಿದೆ. ತೆಂಗಿನಕಾಯಿ ತುರಿದು ಅಭ್ಯಾಸ ಇದೆ, ಇದೇನು ಮಹಾ ಅಂದುಕೊಂಡೆ. ಹತ್ತು ನಿಮಿಷಕ್ಕೆ ಎರಡು ಬೆರಳು ತೂರುವಷ್ಟು ತೂತಾಯಿತು. ಅಜ್ಜ ಬೈಯಲಿಲ್ಲ. ಆ ಚರ್ಮವನ್ನು ಪಕ್ಕಕ್ಕಿಟ್ಟು, ಚೂರಿ ತಗೊಂಡು ತಾವೇ ಇನ್ನೊಂದು ಹೆರೆಯತೊಡಗಿದರು. ಹೀಗೆ ಮಾಡು, ಹಾಗೆ ಮಾಡು ಅನ್ನುವ ಮಾತೇ ಇಲ್ಲ. ಇಲ್ಲಿನ ಪಾಠವೇ ಹಾಗೆ, ಕಣ್ಣಲ್ಲಿ ನೋಡಿ ಕೈಗೆ ತಂದುಕೊಳ್ಳಬೇಕು.

ಹೆರೆಯುವ ಕೆಲಸವನ್ನೇ ಮೊದಲು ಕೊಡುವುದಕ್ಕೆ ಕಾರಣ ಇದೆ. ಯಾವ ಕಾಲದಲ್ಲಿ ಹಿಡಿಯಬೇಕು ಅನ್ನುವುದು ಚರ್ಮದ ಒಳಮೈಯಲ್ಲೇ ಬರೆದಿರುತ್ತದೆ. ಕೂದಲು ಪೂರ್ತಿ ಬಲಿತಿದ್ದರೆ ಒಳಮೈ ಬಿಳಿ, ಕೆನೆ ಬಣ್ಣ. ಇನ್ನೂ ಬೆಳೆಯುತ್ತಿದ್ದರೆ ನೀಲಿ ಕಪ್ಪು. ಮಾರ್ಟನ್ ಅನ್ನುವ ಪ್ರಾಣಿ ನವೆಂಬರ್, ಡಿಸೆಂಬರಿಗೆಲ್ಲ ಬಲಿಯುತ್ತದೆ. (ಅದರ ದಾಯಾದಿ ನೀಲಗಿರಿ ಮಾರ್ಟನ್ ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ, ಕಂಡವರು ಕಡಿಮೆ.) ಬೀವರ್ ತುಪ್ಪಳ ಚಳಿಗಾಲದ ಕೊನೆಗೆ ಚೆನ್ನಾಗಿರುತ್ತದೆ. ಹತ್ತು ನೀಲಿ ಚರ್ಮ ಹೆರೆದವನಿಗೆ ಆತುರಪಟ್ಟರೆ ಏನಾಗುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಒಣಗಿಸುವುದರಲ್ಲೂ ಎರಡು ಬಗೆ. ಬೀವರ್ ಚರ್ಮವನ್ನು ಹೊಟ್ಟೆ ಸೀಳಿ ಬಿಡಿಸಿ, ಹಲಗೆಯ ಮೇಲೆ ದುಂಡಗೆ ಮೊಳೆ ಹೊಡೆದು ಹಿಗ್ಗಿಸುತ್ತಾರೆ. ಮಾರ್ಟನ್, ನೀರುನಾಯಿ ಚರ್ಮವನ್ನು ಕಾಲುಚೀಲ ಕಳಚಿದ ಹಾಗೆ ಇಡಿಯಾಗಿ ಎಳೆದು ತೆಗೆದು, ಚೂಪು ತುದಿಯ ಹಲಗೆಗೆ ಏರಿಸುತ್ತಾರೆ.

ಇಷ್ಟೆಲ್ಲ ಒದ್ದಾಟ ಯಾಕೆ? ಬೀವರ್‌ಗೆ ಎರಡು ಪದರ ಕೂದಲು. ಮೇಲೆ ಒರಟು, ಒಳಗೆ ಮೆತ್ತನೆಯ ತುಪ್ಪಳ. ಒಳಪದರ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಫೆಲ್ಟ್ ಬಟ್ಟೆ ಆಗುತ್ತದೆ. ಯುರೋಪಿನ ಸಾಹೇಬರ ಟೋಪಿಗೆ ಬೇಕಾಗಿದ್ದು ಅದೇ. ಆ ಟೋಪಿಗಾಗಿಯೇ 1670ರಲ್ಲಿ ಹಡ್ಸನ್ಸ್ ಬೇ ಕಂಪನಿ ಹುಟ್ಟಿತು. ಅದರ ಅಂಗಡಿಗಳಲ್ಲಿ ಒಂದು ಒಳ್ಳೆಯ ಬೀವರ್ ಚರ್ಮವೇ ನಾಣ್ಯ. ಕೆಟಲ್‌ಗೆ ಇಷ್ಟು ಚರ್ಮ, ಕೊಡಲಿಗೆ ಇಷ್ಟು ಚರ್ಮ ಅಂತ ದರ. ಆ ಕಂಪನಿಯ ಕೊನೆಯ ಅಂಗಡಿಗಳು 2025ರಲ್ಲಿ ಬಾಗಿಲು ಹಾಕಿದವು. ಬೀವರ್ ಮಾತ್ರ ಇನ್ನೂ ಅವರ 5 ಸೆಂಟ್ ನಾಣ್ಯದ ಮೇಲೆ ಕೂತಿದೆ.

ಹೆಜ್ಜೆ 4: ಮಂಜುಗಡ್ಡೆ ಓದಿ

ಎರಡನೇ ಚಳಿಗಾಲ ಹುಡುಗ ಅಜ್ಜನ ಹಿಂದೆ ನಡೆದ. ಕೈಯಲ್ಲಿ ಹಾರೆಯಂಥ ಉದ್ದದ ಉಳಿ. ಹೆಜ್ಜೆ ಇಡುವ ಮುಂಚೆ ಉಳಿಯಿಂದ ಕುಟ್ಟಿ ಸದ್ದು ಕೇಳಬೇಕು. ಕಾಲ್ನಡಿಗೆಗೆ ಕಡಿಮೆ ಅಂದರೂ 10 ಸೆಂಟಿಮೀಟರ್ ದಪ್ಪದ ತಿಳಿ ಮಂಜುಗಡ್ಡೆ ಬೇಕು. ಬೆಳ್ಳಗಿರುವ ಮಂಜುಗಡ್ಡೆಗೆ ತಿಳಿಯದರ ಅರ್ಧದಷ್ಟೇ ಬಲ. ಬೀವರ್ ಓಡಾಡುವ ದಾರಿಯ ಮೇಲಂತೂ ಇನ್ನೂ ತೆಳುವಾಗಿರುತ್ತದೆ. ಹುಡುಕುತ್ತಿರುವ ಜಾಗವೇ ಮುಳುಗಿಸುವ ಜಾಗ.

ನೋಡಬೇಕಾದ್ದು ಏನೇನು?

ಮೊದಲು ಮನೆ. ಕೊಂಬೆ, ಕೆಸರು ಒಟ್ಟಿದ ಗುಡ್ಡೆ. ಎಲ್ಲ ಗುಡ್ಡೆಯಲ್ಲೂ ಬೀವರ್ ಇರುವುದಿಲ್ಲ. ಕೊರೆಯುವ ಚಳಿಯ ಬೆಳಗ್ಗೆ ಗುಡ್ಡೆಯ ನೆತ್ತಿ ನೋಡಿ. ಒಳಗೆ ಸಂಸಾರ ಇದ್ದರೆ ಅದರ ಉಸಿರಿನ ಬಿಸಿಗೆ ಅಲ್ಲಿ ಹಿಮ ಕರಗಿ ಸಣ್ಣ ಕಿಂಡಿಯಾಗಿರುತ್ತದೆ, ಸುತ್ತ ಇಬ್ಬನಿ ಹೆಪ್ಪುಗಟ್ಟಿರುತ್ತದೆ.

ಆಮೇಲೆ ಮೇವಿನ ರಾಶಿ. ಬೀವರ್ ಚಳಿಗಾಲ ಪೂರ್ತಿ ಮಲಗುವ ಪ್ರಾಣಿ ಅಲ್ಲ. ಮಳೆಗಾಲಕ್ಕೆ ನಾವು ಸೌದೆ ಕೂಡಿಡುವ ಹಾಗೆ ಮನೆಯ ಮುಂದೆ ನೀರಿನಲ್ಲಿ ಪಾಪ್ಲರ್ ಮರದ ಕೊಂಬೆ ಕೂಡಿಡುತ್ತದೆ, ಮಂಜುಗಡ್ಡೆಯ ಕೆಳಗೆ ಈಜಿ ಬಂದು ತಿನ್ನುತ್ತದೆ. ರಾಶಿಯ ತುದಿ ಮಂಜುಗಡ್ಡೆಯ ಮೇಲೆ ಚಾಚಿಕೊಂಡಿರುತ್ತದೆ. ದೊಡ್ಡ ರಾಶಿ ಅಂದರೆ ದೊಡ್ಡ ಸಂಸಾರ.

ಕೊನೆಗೆ ಗುಳ್ಳೆ. ಈಜುವಾಗ ಬಿಟ್ಟ ಉಸಿರು, ಮೈಯಿಂದ ಎದ್ದ ಗಾಳಿ ಎಲ್ಲ ಮಂಜುಗಡ್ಡೆಗೆ ಕೆಳಗಿನಿಂದ ಅಂಟಿಕೊಂಡು ಬೆಳ್ಳನೆ ಸಾಲಾಗಿ ಕಾಣುತ್ತದೆ. ಆ ಸಾಲೇ ಅದರ ಹಾದಿ. ಹಿಮ ಗುಡಿಸಿ ಆ ಸಾಲು ಕಂಡ ದಿನ ಹುಡುಗ ಕುಣಿದುಬಿಟ್ಟ. ಅಜ್ಜ ‘ಹೂಂ’ ಅಂದು ಮುಂದೆ ನಡೆದರು. ಅವತ್ತೂ ಟ್ರ್ಯಾಪ್ ಇಡಲಿಲ್ಲ.

ಹೆಜ್ಜೆ 5: ಎಣಿಸಿ

ಒಂದು ಮನೆಯಲ್ಲಿ ಸಾಮಾನ್ಯವಾಗಿ ಅಪ್ಪ, ಅಮ್ಮ, ಈ ವರ್ಷದ ಮರಿ, ಹೋದ ವರ್ಷದ ಮರಿ ಇರುತ್ತವೆ. ಎರಡು ವರ್ಷದ ಸುಮಾರಿಗೆ ಮರಿಗಳು ಬೇರೆ ಮನೆ ಹುಡುಕಿಕೊಂಡು ಹೋಗುತ್ತವೆ. ಪೂರ್ತಿ ಮನೆ ಖಾಲಿ ಮಾಡಿದರೆ ಒಡ್ಡು ನೋಡಿಕೊಳ್ಳುವವರಿಲ್ಲ. ಒಡ್ಡು ಒಡೆದು ಕೆರೆ ಬತ್ತುತ್ತದೆ. ಅದಕ್ಕೇ ಅಜ್ಜ ಒಂದು ಮನೆಯಿಂದ ಒಂದು, ಹೆಚ್ಚೆಂದರೆ ಎರಡು ತೆಗೆದು ಮುಂದೆ ಹೋಗುತ್ತಿದ್ದರು. ಯಾವ ಮನೆಯಿಂದ ಯಾವ ವರ್ಷ ಎಷ್ಟು ಅನ್ನುವುದು ಅವರ ಹಳೆಯ ನೋಟ್‌ಬುಕ್ಕಿನಲ್ಲಿತ್ತು. ಹುಡುಗನಿಗೆ ಟ್ರ್ಯಾಪ್ ಕೊಡುವ ಮುಂಚೆ ಆ ಪುಸ್ತಕ ಕೊಟ್ಟರು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಜೇಮ್ಸ್ ಬೇ ಕೊಲ್ಲಿಯ ಕಡೆಯ ಮೂಲನಿವಾಸಿಗಳಾದ ಕ್ರೀ ಜನರ ಕಥೆ ಕೇಳಬೇಕು. 1930ರ ಹೊತ್ತಿಗೆ ಅಲ್ಲಿ ಬೀವರ್ ಮುಗಿದೇ ಹೋಗುವ ಹಾಗಿತ್ತು. ತುಪ್ಪಳದ ದರ ಏರಿ ಹೊರಗಿನ ಟ್ರ್ಯಾಪರ್‌ಗಳು ನುಗ್ಗಿದ್ದರು. ಅಲ್ಲಿನ ಹಡ್ಸನ್ಸ್ ಬೇ ಕಂಪನಿ ಅಂಗಡಿಯ ಮ್ಯಾನೇಜರ್ ಜೇಮ್ಸ್ ವಾಟ್, ಅವನ ಹೆಂಡತಿ ಮಾಡ್ ವಾಟ್ ಇಬ್ಬರೂ ಬೀವರ್‌ಗೆ ರಕ್ಷಿತ ಜಾಗ ಬೇಕು ಅಂತ ಪಟ್ಟು ಹಿಡಿದರು. ಮಾಡ್ ವಾಟ್ ದೂರದ ಕ್ವಿಬೆಕ್ ಸಿಟಿಗೆ ಹೋಗಿ ಸರ್ಕಾರವನ್ನು ಒಪ್ಪಿಸಿ ಬಂದಳು. 1932ರಲ್ಲಿ ಅನುಮತಿ ಸಿಕ್ಕಿತು. ಹಲವು ವರ್ಷ ಆ ಜಾಗದಲ್ಲಿ ಬೀವರ್ ಹಿಡಿಯುವುದು ಬಂದ್. ಕಾವಲು ಕಾದವರು, ಮನೆ ಮನೆ ಎಣಿಸಿದವರು ಕ್ರೀ ಜನರೇ. ಬೇಟೆಯ ನೆಲ ನೋಡಿಕೊಳ್ಳುವ ಕ್ರೀ ಹಿರಿಯರಿಗೆ ‘ಟ್ಯಾಲಿಮ್ಯಾನ್’, ಅಂದರೆ ಎಣಿಸುವವ ಅನ್ನುವ ಹೆಸರು ಬಂದಿದ್ದು ಆ ಕಾಲದಲ್ಲಿ. ಈಗಲೂ ಅದೇ ಹೆಸರು. ಬೀವರ್ ತಿರುಗಿ ಬಂತು.

ಕಲಿಸುವುದಕ್ಕೂ ಅವರಲ್ಲಿ ಒಂದು ಏರ್ಪಾಡಿದೆ. 1975ರ ಜೇಮ್ಸ್ ಬೇ ಒಪ್ಪಂದದ ಪ್ರಕಾರ ಕ್ರೀ ಕುಟುಂಬಗಳು ಕಾಡಿನಲ್ಲಿ ಕಳೆಯುವ ದಿನಗಳಿಗೆ ಹಣ ಸಿಗುತ್ತದೆ. ಮಕ್ಕಳು ಅಜ್ಜ ಅಜ್ಜಿಯರ ಜೊತೆ ಕಾಡಲ್ಲಿರಬೇಕಾದರೆ ಮನೆ ಖರ್ಚೂ ನಡೆಯಬೇಕಲ್ಲ.

ಕಲಿತವರೆಲ್ಲ ಕಸುಬಿನಲ್ಲೇ ಉಳಿಯುತ್ತಾರೆ ಅಂತೇನಿಲ್ಲ. ಮೂಲನಿವಾಸಿ ಅಂತ ಹೇಳಿಕೊಂಡು ‘ಗ್ರೇ ಔಲ್’ ಅಂತ ಹೆಸರಾದವನು ಓಜಿಬ್ವೆ ಮೂಲನಿವಾಸಿಗಳಿಂದಲೇ ಟ್ರ್ಯಾಪಿಂಗ್ ಕಲಿತ. ಮುಂದೆ ಹೆಂಡತಿ ಅನಹರೇಯೊಳ ಮಾತಿಗೆ ಮಣಿದು ತಾಯಿ ಸತ್ತ ಬೀವರ್ ಮರಿಗಳನ್ನು ಸಾಕಿದ, ಕಸುಬು ಬಿಟ್ಟ. ಬೀವರ್ ಉಳಿಸಿ ಅಂತ ಊರೂರು ಸುತ್ತಿದ. 1938ರಲ್ಲಿ ಸತ್ತ ಮೇಲೆ ನೋಡಿದರೆ ಆತ ಮೂಲನಿವಾಸಿಯೇ ಅಲ್ಲ, ಇಂಗ್ಲೆಂಡಿನ ಆರ್ಚಿಬಾಲ್ಡ್ ಬೆಲೇನಿ!

ಹೆಜ್ಜೆ 6: ಈಗ ಟ್ರ್ಯಾಪ್

ಬೀವರ್‌ಗೆ ಬಳಸುವುದು ಹೆಚ್ಚಾಗಿ 330 ನಂಬರಿನ ಕೋನಿಬೇರ್. ಎರಡು ಚೌಕಟ್ಟು, ಎರಡು ಸ್ಪ್ರಿಂಗ್. ಪ್ರಾಣಿ ನಡುವೆ ಹಾದರೆ ಚೌಕಟ್ಟು ಕತ್ತು, ಎದೆಗೆ ಬಡಿದು ಕೊಲ್ಲುತ್ತದೆ. ಇದನ್ನು ಮಾಡಿದ ಫ್ರಾಂಕ್ ಕೋನಿಬೇರ್ ತಾನೇ ಉತ್ತರ ಕೆನಡಾದಲ್ಲಿ ದಶಕಗಳ ಕಾಲ ಟ್ರ್ಯಾಪರ್ ಆಗಿದ್ದವನು. ಹಳೆಯ ಟ್ರ್ಯಾಪ್ ಕಾಲು ಕಚ್ಚಿ ಹಿಡಿಯುತ್ತಿತ್ತು. ಪ್ರಾಣಿ ಗಂಟೆಗಟ್ಟಲೆ ಒದ್ದಾಡುವುದನ್ನು ನೋಡಲಾರದೆ ವರ್ಷಗಟ್ಟಲೆ ಕೂತು ಹೊಸದನ್ನು ಮಾಡಿದ. 1950ರ ದಶಕದ ಕೊನೆಗೆ ಅದು ಅಂಗಡಿಗೆ ಬಂತು.

ಕಲಿಯುವವರಿಗೆ ಇಲ್ಲಿ ಮುಖ್ಯ ಪಾಠ ನಿಮ್ಮ ಕೈ. 330ರ ಸ್ಪ್ರಿಂಗ್ ಕೈ ಮೂಳೆ ಮುರಿಯಬಲ್ಲದು. ಇಕ್ಕಳದಂಥ ಸೆಟ್ಟರ್ ಇಲ್ಲದೆ ಮುಟ್ಟಬೇಡಿ, ಸೇಫ್ಟಿ ಕೊಂಡಿ ಕೊನೆಯವರೆಗೂ ತೆಗೆಯಬೇಡಿ. ಜೇಬಿನಲ್ಲಿ ಸದಾ ಒಂದು ಗಟ್ಟಿ ಹಗ್ಗ ಇರಲಿ. ಒಂದು ಕೈ ಸಿಕ್ಕಿಬಿದ್ದರೆ ಹಗ್ಗವನ್ನು ಸ್ಪ್ರಿಂಗಿನ ಕಣ್ಣುಗಳಿಗೆ ಪೋಣಿಸಿ, ತುದಿಯನ್ನು ಕಾಲಲ್ಲಿ ಮೆಟ್ಟಿ ಇನ್ನೊಂದು ಕೈಯಲ್ಲಿ ಎಳೆದು ಬಿಡಿಸಿಕೊಳ್ಳಬೇಕು. ಇದನ್ನು ಅಜ್ಜ ಬೆಚ್ಚಗಿನ ಶೆಡ್ಡಿನಲ್ಲಿ, ಕಣ್ಣು ಮುಚ್ಚಿಸಿ ಹತ್ತಾರು ಸಲ ಮಾಡಿಸಿದರು. ಮಾತಾಡಿ ಕಲಿಸಿದ್ದು ಇದೊಂದನ್ನೇ.

ಇಲ್ಲಿ ನನ್ನ ಮಾತು ಒಂದಿಷ್ಟು. 1997ರಲ್ಲಿ ಕೆನಡಾ, ರಷ್ಯಾ, ಯುರೋಪಿಯನ್ ಯೂನಿಯನ್ ಟ್ರ್ಯಾಪ್‌ಗಳ ಗುಣಮಟ್ಟದ ಬಗ್ಗೆ ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ ಪರೀಕ್ಷೆ ಮಾಡಿದ ಪ್ರಾಣಿಗಳಲ್ಲಿ ಕನಿಷ್ಠ 80 ಶೇಕಡಾ ಗೊತ್ತುಮಾಡಿದ ಸಮಯದೊಳಗೆ ಪ್ರಜ್ಞೆ ತಪ್ಪಬೇಕು. ಮಾರ್ಟನ್‌ಗೆ 120 ಸೆಕೆಂಡ್. ಬೀವರ್‌ಗೆ 300. ಐದು ನಿಮಿಷ ಅನ್ನುವುದು ಕಾಗದದ ಮೇಲೆ ಸಣ್ಣದು. ಗಡಿಯಾರ ನೋಡಿಕೊಂಡು ಕೂತರೆ ಬಹಳ ಉದ್ದ. ಅಜ್ಜನ ಹತ್ತಿರ ಒಮ್ಮೆ ಅಂದೆ. ‘ಅದಕ್ಕೇ ಸರಿಯಾಗಿ ಇಡಬೇಕು’ ಅಂದರು. ನನಗೆ ಆ ಉತ್ತರ ಸಾಕಾಗಲಿಲ್ಲ.

ಹೆಜ್ಜೆ 7: ಏನನ್ನೂ ಎಸೆಯಬೇಡಿ

ಮಾಂಸ ಅಡುಗೆಗೆ, ಉಳಿದದ್ದು ಮಾರ್ಟನ್‌ಗೆ ಎರೆ. ಬಾಲದ ಬುಡದ ಹತ್ತಿರದ ಕಸ್ತೂರಿಯಂಥ ಚೀಲಗಳನ್ನು ಒಣಗಿಸಿ ಮಾರುತ್ತಾರೆ, ಅತ್ತರಿಗೆ ಹೋಗುತ್ತದೆ. ಕ್ರೀ ಹಿರಿಯರು ಮೂಳೆ ನಾಯಿಗೆ ಹಾಕುವುದಿಲ್ಲ. ನೀರಿಗೆ ಬಿಡುತ್ತಾರೆ, ಇಲ್ಲವೇ ತಲೆಬುರುಡೆಯನ್ನು ಮರಕ್ಕೆ ಕಟ್ಟುತ್ತಾರೆ.

ದುಡ್ಡಿನ ಮೇಲೆ ಆಸೆ ಇಟ್ಟು ಬರಬೇಡಿ. ಜಾಕೆಟ್ಟಿನ ಟೋಪಿಗೆ ತುಪ್ಪಳ ಹಚ್ಚುತ್ತಿದ್ದ ಕೆನಡಾ ಗೂಸ್ ಕಂಪನಿಯೇ 2021ರಲ್ಲಿ ಇನ್ನು ಸಾಕು ಅಂದಿತು. ಹಿಮಗಾಡಿಯ ಪೆಟ್ರೋಲಿಗೆ ಚರ್ಮದ ದುಡ್ಡು ಸಾಲುವುದಿಲ್ಲ ಅಂತ ಅಜ್ಜ ಗೊಣಗುತ್ತಲೇ ಇದ್ದರು.

ಹರಾಜಿಗೆ ಕಳಿಸುವ ಚರ್ಮಕ್ಕೆ ತೂತಿದ್ದರೆ ದರ ಇಳಿಯುತ್ತದೆ. ಹಸಿ ಇರುವಾಗಲೇ ಸಣ್ಣ ಹೊಲಿಗೆ ಹಾಕಿ ಒಣಗಿಸಬೇಕು. ದೊಡ್ಡ ತೂತಾದರೆ ಮನೆ ಬಳಕೆಗೆ ಇಟ್ಟುಕೊಳ್ಳುವುದೇ ಲೇಸು. ನಾನು ಹಾಳು ಮಾಡಿದ ಚರ್ಮವನ್ನು ಅಜ್ಜ ಹದ ಮಾಡಿಸಿ ಒಂದು ಜೊತೆ ಕೈಗವಸು ಹೊಲಿಸಿದರು. ಬಲಗೈಯ ಹೆಬ್ಬೆರಳಿನ ಕೆಳಗೆ ಹೊಲಿಗೆ ಉಬ್ಬಿಕೊಂಡಿದೆ. ಮೈಸೂರಿನ ಮನೆಯಲ್ಲಿ ಅದನ್ನು ಹಾಕಿಕೊಳ್ಳುವಷ್ಟು ಚಳಿ ಯಾವತ್ತೂ ಬರುವುದಿಲ್ಲ. ಮಳೆಗಾಲದಲ್ಲಿ ಹುಳ ಹತ್ತದಂತೆ ಬೇವಿನ ಸೊಪ್ಪು ಹಾಕಿ ಬೀರುವಿನಲ್ಲಿಟ್ಟಿದ್ದೇನೆ.