ಗ್ರಿಜ್ಲಿ ಕರಡಿಯ ಸೀಮೆಯಲ್ಲಿ ಬುತ್ತಿ ಬಿಚ್ಚುವ ಮುನ್ನ

ಬೇಸಿಗೆ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರು ಊರಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಯೆಲ್ಲೋಸ್ಟೋನ್ ರಾಷ್ಟ್ರೀಯ ಪಾರ್ಕಿನ ಕಡೆ ಹೊರಡುತ್ತಾರೆ. ಡಿಕ್ಕಿ ತುಂಬ ಚಕ್ಕುಲಿ, ಪುಳಿಯೋಗರೆ ಗೊಜ್ಜು, ಮಿಡಿ ಉಪ್ಪಿನಕಾಯಿ, ಜೊತೆಗೊಂದು ರೈಸ್ ಕುಕ್ಕರ್. ತಪ್ಪೇನಿಲ್ಲ, ನಾನೂ ಹಾಗೇ ಹೋಗುವವನು. ಆದರೆ ಅದು ಗ್ರಿಜ್ಲಿ, ಅಂದರೆ ಕಂದು ಕರಡಿ ಓಡಾಡುವ ಜಾಗ. ಅಲ್ಲಿ ಕರಡಿ ಉಳಿಸುವ ಕೆಲಸದಲ್ಲಿ ದೊಡ್ಡ ಪಾಲು ಏನು ಗೊತ್ತಾ? ಮನುಷ್ಯರ ಊಟ ಅದರ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳುವುದು. ಅದರಲ್ಲಿ ನಮ್ಮ ಪಾಲಿನದು ಮಾಡೋದು ಹೇಗೆ ಅಂತ ಬರೆದಿದ್ದೇನೆ.

ಮೊದಲು ಸ್ವಲ್ಪ ಹಳೇ ಕಥೆ. ಒಂದು ಕಾಲದಲ್ಲಿ ಪಾರ್ಕಿನ ಹೋಟೆಲ್‌ಗಳ ಎಂಜಲನ್ನೆಲ್ಲ ಅಲ್ಲೇ ಸುರಿಯುತ್ತಿದ್ದರು. ಕರಡಿ ಬಂದು ತಿನ್ನೋದು, ಜನ ಬೆಂಚಿನ ಮೇಲೆ ಕೂತು ನೋಡೋದು. ಸಾಲದ್ದಕ್ಕೆ ಕಾರಿನ ಕಿಟಕಿಯಿಂದ ಕೈತುತ್ತು ಬೇರೆ. 1931ರಿಂದ 1969ರವರೆಗೆ ವರ್ಷಕ್ಕೆ ಸರಾಸರಿ 48 ಜನ ಕರಡಿಯಿಂದ ಗಾಯಗೊಂಡಿದ್ದಾರೆ. 1970ರ ಹೊತ್ತಿಗೆ ಈ ಕಸದ ಗುಂಡಿಗಳನ್ನು ಮುಚ್ಚಿದರು. ಅಲ್ಲಿ ವರ್ಷಗಟ್ಟಲೆ ಗ್ರಿಜ್ಲಿಗಳ ಅಧ್ಯಯನ ಮಾಡಿದ್ದ ಫ್ರಾಂಕ್ ಮತ್ತು ಜಾನ್ ಕ್ರೇಗ್‌ಹೆಡ್ ಎಂಬ ಅವಳಿ ಅಣ್ಣತಮ್ಮಂದಿರು, ಒಮ್ಮೆಲೇ ಬೇಡ, ನಿಧಾನವಾಗಿ ಮುಚ್ಚಿ ಅಂದಿದ್ದರು. ಯಾರೂ ಕೇಳಲಿಲ್ಲ. ಹಸಿದ ಕರಡಿಗಳು ಟೆಂಟ್‌ಗಳ ಕಡೆ, ಊರುಗಳ ಕಡೆ ಬಂದವು, ಹಾಗೆ ಬಂದವುಗಳಲ್ಲಿ ಎಷ್ಟೋ ಸತ್ತವು. 1975ರಲ್ಲಿ ಗ್ರಿಜ್ಲಿಗೆ ಕಾನೂನಿನ ರಕ್ಷಣೆ ಸಿಕ್ಕಾಗ ಯೆಲ್ಲೋಸ್ಟೋನ್ ಸುತ್ತಮುತ್ತ ಸುಮಾರು 136 ಮಾತ್ರ ಉಳಿದಿದ್ದವು. ಈಗ ಸಾವಿರದ ಆಸುಪಾಸಿನಲ್ಲಿವೆ. ಇದಕ್ಕೆ ಐವತ್ತು ವರ್ಷ ಹಿಡಿಯಿತು, ಯಾಕೆಂದರೆ ಹೆಣ್ಣು ಗ್ರಿಜ್ಲಿ ಮೊದಲ ಮರಿ ಹಾಕುವುದೇ ಐದು ವರ್ಷದ ಆಸುಪಾಸಿನಲ್ಲಿ, ಆಮೇಲೆ ಎರಡು ಮೂರು ವರ್ಷ ಆ ಮರಿಗಳನ್ನು ಜೊತೆಗೇ ಇಟ್ಟುಕೊಳ್ಳುತ್ತದೆ. ಒಂದು ಹೆಣ್ಣು ಹೋದರೆ ಬಿದ್ದ ಪೆಟ್ಟು ಬೇಗ ಮಾಯುವುದಿಲ್ಲ.

ಈಗ ಟೆಂಟ್ ಹಾಕಿದಿರಿ ಅಂದುಕೊಳ್ಳಿ. ವಾಸನೆ ಬರುವ ಪ್ರತಿಯೊಂದೂ ಅಲ್ಲಿರುವ ಕಬ್ಬಿಣದ ಪೆಟ್ಟಿಗೆಯೊಳಗೆ ಹೋಗಬೇಕು, ಇಲ್ಲವೇ ಕಿಟಕಿ ಏರಿಸಿ ಬೀಗ ಹಾಕಿದ ಕಾರಿನೊಳಗೆ. ಪ್ರತಿಯೊಂದೂ ಅಂದರೆ ಊಟ ಒಂದೇ ಅಲ್ಲ. ಟೂತ್‌ಪೇಸ್ಟ್, ಸೋಪು, ಅಮ್ಮ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಒಗ್ಗರಣೆ ಹಾಕಿದ ಬಾಣಲೆ, ಖಾಲಿ ಕುಕ್ಕರ್, ಎಲ್ಲವೂ. ಮೂಸಿ ಹುಡುಕುವುದರಲ್ಲಿ ಕರಡಿಗೆ ನಾಯಿಯೂ ಸಾಟಿಯಲ್ಲ, ಡಬ್ಬಿಯ ಮುಚ್ಚಳ ಗಟ್ಟಿ ಹಾಕಿದ್ದೀನಿ ಅನ್ನುವ ಮಾತು ಅದರ ಹತ್ತಿರ ನಡೆಯಲ್ಲ. (ಕಾರಿನಲ್ಲಿಡುವ ಸಲಹೆ ಯೆಲ್ಲೋಸ್ಟೋನ್‌ಗೆ ಮಾತ್ರ. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ರಾತ್ರಿ ಕಾರಿನಲ್ಲಿ ಊಟ ಬಿಡುವಂತಿಲ್ಲ. ಅಲ್ಲಿನ ಕಪ್ಪು ಕರಡಿಗಳು ಕಾರಿನ ಬಾಗಿಲನ್ನೇ ಕಿತ್ತು ಹಾಕುತ್ತವೆ.) ಬೆನ್ನಿಗೆ ಚೀಲ ಹಾಕಿ ಕಾಡಿನ ಒಳಗೆ ನಡೆದು ಹೋಗುವವರಾದರೆ, ಅಡುಗೆ ಮಾಡುವ ಜಾಗ ಮಲಗುವ ಜಾಗದಿಂದ 100 ಗಜ ದೂರ ಇರಲಿ. ಊಟದ ಚೀಲವನ್ನು ನೆಲದಿಂದ 10 ಅಡಿ ಮೇಲೆ, ಮರದ ಕಾಂಡದಿಂದ 4 ಅಡಿ ಆಚೆಗೆ ನೇತು ಹಾಕಿ.

ಇನ್ನೊಂದು, ನಮ್ಮವರಿಗೆ ಬೇಕಾಗಿಯೇ ಹೇಳುತ್ತಿದ್ದೇನೆ. ಕಾಗೆಗೆ ಅಂತ ಒಂದು ತುತ್ತು ಅನ್ನ ಬಂಡೆ ಮೇಲೆ ಇಡಬೇಡಿ. ಬಾಳೆಹಣ್ಣಿನ ಸಿಪ್ಪೆ ಗೊಬ್ಬರ ಆಗುತ್ತೆ ಅಂತ ಪೊದೆಗೆ ಎಸೆಯಬೇಡಿ. ಕಸ ಕಸದ ಡಬ್ಬಿಗೇ ಹೋಗಬೇಕು. ಅದರ ಮುಚ್ಚಳ ಎಳೆದರೆ ಬರಲ್ಲ, ಮರೆಯೊಳಗೆ ಕೈ ಹಾಕಿ ಚಿಲಕ ಒತ್ತಬೇಕು. ಇಂಥ ಡಬ್ಬಿಗಳನ್ನು ಪರೀಕ್ಷೆ ಮಾಡುವುದು ವೆಸ್ಟ್ ಯೆಲ್ಲೋಸ್ಟೋನ್ ಊರಿನಲ್ಲಿ ಸಾಕಿರುವ ಗ್ರಿಜ್ಲಿಗಳೇ! ಒಳಗೆ ತಿಂಡಿ ಇಟ್ಟು ಕೊಡುತ್ತಾರೆ, 60 ನಿಮಿಷ ಗುದ್ದಾಡಿದರೂ ಬಿಚ್ಚಿಕೊಳ್ಳದಿದ್ದರೆ ಪಾಸ್.

ಒಮ್ಮೆ ಜನರ ಊಟದ ರುಚಿ ಹತ್ತಿದ ಕರಡಿಯನ್ನು ದೂರ ಸಾಗಿಸಿ ಬಿಟ್ಟರೆ ಆಯ್ತಲ್ವಾ ಅಂತ ಕೇಳುತ್ತಾರೆ. ಬಿಡುತ್ತಾರೆ. ಎಷ್ಟೋ ಸಲ ನೂರಾರು ಕಿಲೋಮೀಟರ್ ನಡೆದು ವಾಪಸ್ ಬರುತ್ತದೆ. ಮತ್ತೆ ಮತ್ತೆ ಬಂದರೆ ಅಧಿಕಾರಿಗಳು ಅದನ್ನು ಕೊಲ್ಲುತ್ತಾರೆ. ನೀವು ಬಿಟ್ಟ ಚಿತ್ರಾನ್ನಕ್ಕೆ ಅಷ್ಟು ಬೆಲೆ.

ನಡೆಯುವಾಗ ಮೂರು ನಾಲ್ಕು ಜನ ಒಟ್ಟಿಗಿರಿ, ಜೋರಾಗಿ ಮಾತಾಡಿ, ನೀವು ಬರುತ್ತಿರುವುದು ಕರಡಿಗೆ ಗೊತ್ತಾಗಲಿ. ಅಂತ್ಯಾಕ್ಷರಿ ಆಡಿದರೂ ಸರಿ. ಅಂಗಡಿಯಲ್ಲಿ ಮಾರುವ ಗೆಜ್ಜೆಯಂಥ ಗಂಟೆ ಸುಮ್ನೆ ದುಡ್ಡು ದಂಡ. ಕರಡಿ ಕಂಡರೆ 100 ಗಜ ದೂರ ಇರಲೇಬೇಕು, ಅದು ಪಾರ್ಕಿನ ನಿಯಮ. ಹೆಗಲ ಮೇಲೆ ಡುಬ್ಬ ಇದ್ದರೆ ಗ್ರಿಜ್ಲಿ. ಬಣ್ಣ ನೋಡಿ ಹೇಳಲಾಗದು, ಕಪ್ಪು ಕರಡಿಯೂ ಕಂದು ಬಣ್ಣದಲ್ಲಿ ಇರುತ್ತದೆ. ಓಡಬೇಡಿ.

ಬೇರ್ ಸ್ಪ್ರೇ ತಗೊಳ್ಳಿ. ಅದು ಒತ್ತಿದರೆ ಮೆಣಸಿನಕಾಯಿ ಖಾರದ ಮೋಡ ಚಿಮ್ಮಿಸುವ ಡಬ್ಬಿ. ಚೀಲದ ತಳದಲ್ಲಿ ಇಟ್ಟರೆ ಇಲ್ಲದ ಹಾಗೇ ಲೆಕ್ಕ, ಸೊಂಟದಲ್ಲಿರಲಿ. ಕರಡಿ ಮೈಮೇಲೆ ಏರಿ ಬರುತ್ತಿದ್ದರೆ ಸುಮಾರು 60 ಅಡಿ ಇರುವಾಗಲೇ, ಸ್ವಲ್ಪ ಕೆಳಮುಖವಾಗಿ ಒತ್ತಿ, ಅದು ಆ ಮೋಡದೊಳಗೆ ನುಗ್ಗಿ ಬರುವ ಹಾಗೆ. ಸೊಳ್ಳೆ ಔಷಧಿ ಥರ ಮೈಗೆ, ಟೆಂಟಿಗೆ ಹೊಡೆದುಕೊಳ್ಳುವ ವಸ್ತು ಅಲ್ಲ! ಗ್ರಿಜ್ಲಿ ನಿಮ್ಮ ಮೇಲೆ ಬಿದ್ದೇ ಬಿಟ್ಟರೆ ಚೀಲ ಬೆನ್ನಿಗಿರಲಿ, ಬೋರಲು ಮಲಗಿ, ಕತ್ತಿನ ಹಿಂದೆ ಎರಡೂ ಕೈ ಹೆಣೆದು ಸತ್ತವರಂತೆ ಇರಿ. ರಾತ್ರಿ ಟೆಂಟಿಗೇ ನುಗ್ಗಿದರೆ ಮಾತ್ರ ಸುಮ್ಮನಿರಬೇಡಿ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯಿರಿ.

ರಸ್ತೆಯದ್ದೂ ಹೇಳಿಬಿಡುತ್ತೇನೆ. ಕರಡಿ ಕಂಡ ತಕ್ಷಣ ನಡುರಸ್ತೆಯಲ್ಲಿ ಕಾರು ನಿಲ್ಲಿಸಬೇಡಿ, ಪಕ್ಕದಲ್ಲಿ ನಿಲ್ಲಿಸಲು ಬಿಟ್ಟ ಜಾಗಕ್ಕೆ ಹೋಗಿ. ವೇಗ ಕಡಿಮೆ ಇರಲಿ, ಕತ್ತಲಾದ ಮೇಲಂತೂ ಇನ್ನೂ ಕಡಿಮೆ. ಯೆಲ್ಲೋಸ್ಟೋನ್‌ನ ದಕ್ಷಿಣಕ್ಕಿರುವ ಗ್ರ್ಯಾಂಡ್ ಟೀಟನ್ ಪಾರ್ಕಿನಲ್ಲಿ 399 ಅನ್ನುವ ನಂಬರಿನ ತಾಯಿ ಗ್ರಿಜ್ಲಿ ಇತ್ತು. 2020ರಲ್ಲಿ ನಾಲ್ಕು ಮರಿಗಳ ಜೊತೆ ಗುಹೆಯಿಂದ ಹೊರಬಂದು ಜಗತ್ತಿನ ಕಣ್ಮಣಿ ಆಗಿತ್ತು. ಬೇಟೆಗಾರರು, ಚಳಿಗಾಲ ಎಲ್ಲ ದಾಟಿಕೊಂಡು 28 ವರ್ಷ ಬದುಕಿತು. 2024ರ ಅಕ್ಟೋಬರ್‌ನಲ್ಲಿ ಜಾಕ್ಸನ್ ಊರಿನ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಕಾರು ಬಡಿದು ಸತ್ತಿತು.

ವಾಪಸ್ ಹೊರಡುವಾಗ ಆ ಸ್ಪ್ರೇ ಡಬ್ಬಿ ನೆನಪಿರಲಿ. ವಿಮಾನದಲ್ಲಿ ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಪಾರ್ಕಿನಲ್ಲೇ ಹಳೇ ಡಬ್ಬಿ ಹಾಕಲು ಬೇರೆ ಪೆಟ್ಟಿಗೆ ಇಟ್ಟಿರುತ್ತಾರೆ, ಅಲ್ಲಿ ಹಾಕಿ ಬನ್ನಿ.