ಬ್ಯಾಂಡ್‌ವಿಡ್ತ್ ಬಿಟ್ಟು ಪ್ರೋಬಿಗೆ ಹಣ ಹಾಕಿದ ಲೆಕ್ಕ

ಪೀಣ್ಯದ ಕಾರ್ಖಾನೆಗಳಿಂದ ಬರುವ ವಿಎಫ್‌ಡಿ ಡ್ರೈವ್‌ಗಳ (ಮೋಟಾರಿನ ವೇಗ ನಿಯಂತ್ರಿಸುವ ಸಾಧನಗಳ) ರಿಪೇರಿ ನನ್ನ ಕಸುಬು. ಸಿಗ್ನಲನ್ನು ಪರದೆಯಲ್ಲಿ ಅಲೆಯಾಗಿ ತೋರಿಸುವ ಹಳೆಯ 20 ಮೆಗಾಹರ್ಟ್ಸ್ ಸಿಆರ್‌ಒ (ಆಸಿಲೋಸ್ಕೋಪ್) ಕೈಕೊಟ್ಟಾಗ, ಎರಡೇ ಚಾನೆಲ್‌ನದಾದರೂ (ಏಕಕಾಲಕ್ಕೆ ಎರಡೇ ಸಿಗ್ನಲ್ ತೋರಿಸುವುದಾದರೂ) 200 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತಿನ, ಅಂದರೆ ಅಷ್ಟು ವೇಗದ ಸಿಗ್ನಲ್ ತೋರಿಸಬಲ್ಲ, ಸ್ಕೋಪನ್ನೇ ಕೊಳ್ಳಬೇಕೆಂದು ಗೆಳೆಯರು ಒತ್ತಾಯಿಸಿದರು. ನಾನು ನಾಲ್ಕು ಚಾನೆಲ್‌ನ, 12 ಬಿಟ್‌ನ (ವೋಲ್ಟೇಜನ್ನು 4096 ಮೆಟ್ಟಿಲುಗಳಾಗಿ ಅಳೆಯುವ), 70 ಮೆಗಾಹರ್ಟ್ಸ್‌ನ ರಿಗೋಲ್ ಡಿಎಚ್‌ಒ804 ತಂದಾಗ ನಕ್ಕವರೇ ಈಗ ತಮಗೆ ಬಗೆಹರಿಯದ ಬೋರ್ಡುಗಳನ್ನು ನನಗೆ ಕಳುಹಿಸುತ್ತಿದ್ದಾರೆ.

ನನ್ನ ಬೆಂಚಿನಲ್ಲಿ ಅತಿ ವೇಗದ ಸಿಗ್ನಲ್ ಎಂದರೆ ಐಜಿಬಿಟಿಯ (ಮೋಟಾರಿನ ಕರೆಂಟನ್ನು ಆನ್-ಆಫ್ ಮಾಡುವ ಅರೆವಾಹಕ ಸ್ವಿಚ್‌ನ) ಗೇಟ್, ಅಂದರೆ ಅದನ್ನು ನಿಯಂತ್ರಿಸುವ ಕಾಲು. ಅದು ಏರಲು ಸುಮಾರು 100 ನ್ಯಾನೊಸೆಕೆಂಡ್ ಬೇಕು. 0.35 ಅನ್ನು ಏರುವ ಸಮಯದಿಂದ ಭಾಗಿಸುವ ಸೂತ್ರದಂತೆ ಅದರ ಬ್ಯಾಂಡ್‌ವಿಡ್ತ್ 3.5 ಮೆಗಾಹರ್ಟ್ಸ್. ಒಮ್ಮೆ 200 ಮೆಗಾಹರ್ಟ್ಸ್ ಸ್ಕೋಪೊಂದನ್ನು ಎರವಲು ತಂದು ಅದೇ ಗೇಟನ್ನು ನೋಡಿದೆ. ಕಣ್ಣಿಗೆ ಕಾಣುವ ವ್ಯತ್ಯಾಸವಿರಲಿಲ್ಲ. ನಾಲ್ಕೂ ಚಾನೆಲ್ ತೆರೆದಾಗ ಸೆಕೆಂಡಿಗೆ 1.25 ಗಿಗಾ ಸ್ಯಾಂಪಲ್ (ಅಳತೆಯ ಬಿಂದುಗಳು) ಹಂಚಿಹೋಗಿ ಸುಮಾರು 312 ಮೆಗಾಕ್ಕೆ ಇಳಿಯುತ್ತದೆಂಬುದು ನಿಜ, ಆದರೆ ಈ ಕೆಲಸಕ್ಕೆ ಅದು ಧಾರಾಳ. ಡ್ರೈವಿನ ಕೆಳಸಾಲಿನ ಮೂರು ಐಜಿಬಿಟಿಗಳ ಗೇಟ್‌ಗಳನ್ನೂ ಶಂಟ್ (ಕರೆಂಟ್ ಅಳೆಯುವ ಸಣ್ಣ ರೆಸಿಸ್ಟರ್) ಕರೆಂಟನ್ನೂ ಒಂದೇ ಪರದೆಯಲ್ಲಿ ನೋಡುವ ಅನುಕೂಲವನ್ನು ಎರಡು ಚಾನೆಲ್ ಎಂದೂ ಕೊಡದು. ಹೀಗೆ ನೋಡಲು ಡ್ರೈವನ್ನು ಲೈನಿನಿಂದ ಬೇರ್ಪಡಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ನಡೆಸಬೇಕು. ಟ್ರಿಗರ್ (ಅಲೆಯನ್ನು ಪರದೆಯಲ್ಲಿ ಹಿಡಿದು ನಿಲ್ಲಿಸುವ ಬಿಂದು) ಎಲ್ಲಿ ಕೂರಿಸುತ್ತೇನೆಂಬುದನ್ನು ಮಾತ್ರ ಹೇಳಲಾರೆ, ಅದು ನನ್ನ ಹೊಟ್ಟೆಪಾಡು.

ಸಿಗ್ಲೆಂಟ್ ಎಸ್‌ಡಿಎಸ್1104ಎಕ್ಸ್-ಇ ಕೂಡ ಮನಸ್ಸಿನಲ್ಲಿತ್ತು. ಅದರಲ್ಲಿ ಎರಡು ಎಡಿಸಿಗಳಿರುವುದರಿಂದ (ಸಿಗ್ನಲನ್ನು ಅಂಕಿಗಳಾಗಿಸುವ ಚಿಪ್‌ಗಳು) 1 ಮತ್ತು 3ನೇ ಚಾನೆಲ್ ಬಳಸಿದರೆ ಎರಡಕ್ಕೂ ಪೂರ್ಣ 1 ಗಿಗಾ ಸ್ಯಾಂಪಲ್ ಸಿಗುತ್ತದೆ. ಆದರೆ ಅದು 8 ಬಿಟ್‌ನದು. 415 ವೋಲ್ಟ್ ಲೈನಿನಲ್ಲಿ ಡ್ರೈವಿನೊಳಗಿನ ಡಿಸಿ ಬಸ್ (ಲೈನನ್ನು ಡಿಸಿಗೆ ಬದಲಿಸಿದ ಮೇಲೆ ಸಿಗುವ ವೋಲ್ಟೇಜಿನ ಹಳಿ) ಸುಮಾರು 585 ವೋಲ್ಟ್ ಇರುತ್ತದೆ. ಪರದೆಗೆ 800 ವೋಲ್ಟ್ ತುಂಬಿಸಿದರೆ 8 ಬಿಟ್‌ನ ಒಂದು ಮೆಟ್ಟಿಲೇ 3 ವೋಲ್ಟ್, 12 ಬಿಟ್‌ನದು 0.2 ವೋಲ್ಟ್. ಪ್ರೋಬಿನ ಗದ್ದಲ ಇದರಲ್ಲಿ ಒಂದಷ್ಟನ್ನು ನುಂಗಿದರೂ, ಸೊರಗಿದ ಕೆಪಾಸಿಟರಿನ 300 ಹರ್ಟ್ಸ್ ರಿಪಲ್ (ಡಿಸಿಯ ಮೇಲಿನ ಏರಿಳಿತ) ಬಸ್ಸಿನ ಮಟ್ಟದೊಂದಿಗೇ ಸ್ಪಷ್ಟವಾಗಿ ಕಾಣುತ್ತದೆ. ಒಂದು ಫೇಸ್ ಹೋದರೆ ಅದೇ ರಿಪಲ್ 100 ಹರ್ಟ್ಸ್‌ಗೆ ಇಳಿಯುವುದನ್ನು ಬೇಕೆಂದೇ ಫ್ಯೂಸ್ ತೆಗೆದು ನೋಡಿದ್ದೇನೆ.

ಹಣದ ಮಾತು: ನೆನಪಿನಂತೆ, ಜಿಎಸ್‌ಟಿ ಸೇರಿ ಸ್ಕೋಪಿಗೆ 50 ಸಾವಿರದ ಆಸುಪಾಸು, 1300 ವೋಲ್ಟಿನ ಡಿಫರೆನ್ಷಿಯಲ್ ಪ್ರೋಬಿಗೆ (ಅರ್ತ್‌ಗೆ ತಗುಲಿಸದೆ ಎರಡು ಬಿಂದುಗಳ ನಡುವಿನ ವೋಲ್ಟೇಜ್ ಅಳೆಯುವ ಸಾಧನ) 20 ಸಾವಿರಕ್ಕಿಂತ ತುಸು ಹೆಚ್ಚು. 200 ಮೆಗಾಹರ್ಟ್ಸ್‌ಗೆ ಬಂದ ಕೊಟೇಶನ್ ಡಿಕೋಡ್ (ಡಿಜಿಟಲ್ ಸಂದೇಶ ಓದುವ) ಪರವಾನಗಿ ಸೇರಿ ಲಕ್ಷ ದಾಟಿತ್ತು. ಅದರಲ್ಲಿ ಈ ಪ್ರೋಬ್ ಇರಲೇ ಇಲ್ಲ. ಸ್ಕೋಪಿನ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸಿ ಬಸ್ ಅಳೆಯುವವರಿದ್ದಾರೆ, ನಾನು ಆ ಗುಂಪಿಗೆ ಸೇರಿದವನಲ್ಲ. ಡಿಎಚ್‌ಒ804 ಯುಎಸ್‌ಬಿ-ಸಿ ಅಡಾಪ್ಟರಿನಲ್ಲಿ ನಡೆಯುವುದರಿಂದ, ಅರ್ತ್ ಅದರಿಂದಲೇ ಸಿಗುವುದೆಂದು ನಂಬದೆ, ಹಿಂಬದಿಯ ಅರ್ತ್ ಟರ್ಮಿನಲ್ಲಿಗೆ ದಪ್ಪ ತಂತಿ ಎಳೆದಿದ್ದೇನೆ. ಮುಂದೆ ಕೈಗೆ ಬರುವ ಹಣ ಕರೆಂಟ್ ಪ್ರೋಬಿಗೆ ಮೀಸಲು.